ಖಾಲಿ ಇತ್ತು, ತಗೊಂಡೆ

2024ರ ಅಕ್ಟೋಬರಿನಲ್ಲಿ ಜಿಯೋಹಾಟ್‌ಸ್ಟಾರ್ ಡಾಟ್ ಕಾಮ್ ಎಂಬ ವಿಳಾಸದಲ್ಲಿ ಒಂದು ಪತ್ರ ಕಾಣಿಸಿಕೊಂಡಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಬರೆದವನು ದೆಹಲಿಯ ಒಬ್ಬ ಆ್ಯಪ್ ಡೆವಲಪರ್, ಹೆಸರು ಹೇಳಿಕೊಂಡಿರಲಿಲ್ಲ. ಹಾಟ್‌ಸ್ಟಾರ್ ಮುಂದೊಂದು ದಿನ ರಿಲಯನ್ಸ್ ತೆಕ್ಕೆಗೆ ಬರಬಹುದೆಂದು 2023ರಲ್ಲೇ ಊಹಿಸಿ, ಸಾವನ್ ಹೋಗಿ ಜಿಯೋಸಾವನ್ ಆದಂತೆ ಇದೂ ಜಿಯೋಹಾಟ್‌ಸ್ಟಾರ್ ಆದೀತೆಂದು ಲೆಕ್ಕ ಹಾಕಿ, ಆ ಹೆಸರನ್ನು ನೋಂದಾಯಿಸಿ ಇಟ್ಟುಕೊಂಡಿದ್ದ. ಈಗ ಊಹೆ ನಿಜವಾಗುವ ಹೊತ್ತು ಬಂದಿತ್ತು. ಹೆಸರು ಬಿಟ್ಟುಕೊಡುತ್ತೇನೆ, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಓದುವ ಖರ್ಚು ಕೊಡಿ ಎಂಬುದು ಪತ್ರದ ಸಾರ. ಕಂಪನಿ ಒಪ್ಪಲಿಲ್ಲ, ಕಾನೂನು ಕ್ರಮದ ಮಾತಾಡಿತು. ಆಮೇಲೆ ದುಬೈಯಲ್ಲಿದ್ದ ಇಬ್ಬರು ಮಕ್ಕಳು, ಅಣ್ಣ ತಂಗಿ, ಆ ಹೆಸರನ್ನು ಕೊಂಡು ಕಂಪನಿಗೆ ಪುಕ್ಕಟೆ ಕೊಡುತ್ತೇವೆ ಅಂದರು. 2025ರ ಫೆಬ್ರವರಿಯಲ್ಲಿ ಜಿಯೋಹಾಟ್‌ಸ್ಟಾರ್ ಎಂಬ ಹೆಸರಿನಲ್ಲೇ ಆ್ಯಪ್ ಶುರುವಾಯಿತು.

ಆ ವಾರ ಪುಣೆಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಎರಡು ಪಕ್ಷವಾಯಿತು. ಹುಡುಗನ ಬುದ್ಧಿವಂತಿಕೆ ಮೆಚ್ಚಬೇಕು ಎಂದವರು ಒಂದು ಕಡೆ, ಇದು ಶುದ್ಧ ಬ್ಲಾಕ್‌ಮೇಲ್ ಎಂದವರು ಇನ್ನೊಂದು ಕಡೆ. ನನ್ನ ತಂಡದ ಹುಬ್ಬಳ್ಳಿಯ ಹುಡುಗನೊಬ್ಬ ತಟ್ಟೆ ಎತ್ತಿಕೊಂಡು ಏಳುತ್ತ ವಾದಕ್ಕೆ ಬಾಗಿಲು ಹಾಕುವವನಂತೆ ಹೇಳಿದ: “ಸರ್, ಸೈಟ್ ಖಾಲಿ ಬಿದ್ದಿತ್ತು, ತಗೊಂಡಾನ. ರೊಕ್ಕಾ ಕೊಟ್ಟೇ ತಗೊಂಡಾನಲ್ರೀ. ಅದ್ರಾಗ ತಪ್ಪೇನೈತಿ?”

ಈ ‘ಖಾಲಿ ಇತ್ತು’ ಎಂಬ ಮಾತು ನನ್ನನ್ನು ಆಮೇಲೂ ಬಿಡಲಿಲ್ಲ. ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಪ್ರಾಜೆಕ್ಟುಗಳಲ್ಲಿದ್ದೇನೆ, ಡೊಮೈನ್ ಹೆಸರು ನೋಂದಾಯಿಸುವುದನ್ನು ಹಾಲಿನ ಪ್ಯಾಕೆಟ್ ತರಿಸಿದಷ್ಟೇ ಸಲೀಸಾಗಿ ನೋಡಿದ್ದೇನೆ. ಹುಡುಕುವ ಪೆಟ್ಟಿಗೆಯಲ್ಲಿ ಹೆಸರು ಹಾಕಿದರೆ ಲಭ್ಯವಿದೆಯೋ ಇಲ್ಲವೋ ಹೇಳುತ್ತದೆ. ಲಭ್ಯವಿದ್ದರೆ ಸಾವಿರ ರೂಪಾಯಿ ಆಚೀಚೆ ಕೊಟ್ಟು ಒಂದು ವರ್ಷಕ್ಕೆ ನಿಮ್ಮದು. ಈ ಹೆಸರಿನಲ್ಲಿ ಬೇರೆಯವರ ಟ್ರೇಡ್‌ಮಾರ್ಕ್ ಇದೆಯೇ ಎಂದು ಮಾರುವವನು ಕೇಳುವುದಿಲ್ಲ. ಮೊದಲು ಬಂದವನಿಗೆ ಮೊದಲು, ಅಷ್ಟೇ. ಆದರೆ ‘ಲಭ್ಯವಿದೆ’ ಎಂದು ಯಂತ್ರ ಹೇಳುವುದಕ್ಕೂ ‘ತೆಗೆದುಕೊಳ್ಳಬಹುದು’ ಎಂದು ನಾವು ಅರ್ಥ ಮಾಡಿಕೊಳ್ಳುವುದಕ್ಕೂ ನಡುವೆ ಒಂದು ಕಂದಕವಿದೆ. ಅದನ್ನು ದಾಟುವಾಗ ಯಾರೂ ಕೆಳಗೆ ನೋಡುವುದಿಲ್ಲ.

ಹುಡುಗ ಸೈಟ್ ಎಂದದ್ದು ವೆಬ್‌ಸೈಟ್ ಎಂಬ ಅರ್ಥದಲ್ಲೋ ಮೂವತ್ತು ನಲವತ್ತರ ಸೈಟ್ ಎಂಬ ಅರ್ಥದಲ್ಲೋ ನನಗೆ ಗೊತ್ತಿಲ್ಲ. ಎರಡೂ ಒಂದೇ ಎಂದು ಅವನು ತಿಳಿದಿದ್ದ ಅನಿಸುತ್ತದೆ. ಹಾಗೆ ತಿಳಿಯುವುದು ಸುಲಭ. ದೇವನಹಳ್ಳಿಗೆ ವಿಮಾನ ನಿಲ್ದಾಣ ಬರುತ್ತದೆಂದು ಮೊದಲೇ ಊಹಿಸಿ ಅಲ್ಲಿ ಜಮೀನು ಕೊಂಡವನನ್ನು ನಮ್ಮ ಬಂಧುಬಳಗದಲ್ಲಿ ಯಾರೂ ಕಳ್ಳ ಅನ್ನುವುದಿಲ್ಲ. ಮದುವೆ ಮನೆಗಳಲ್ಲಿ ಅವನಿಗೆ ಮುಂದಿನ ಸಾಲಿನ ಕುರ್ಚಿ. ಹಾಗಾದರೆ ವಿಮಾನ ನಿಲ್ದಾಣವನ್ನು ಊಹಿಸಿದವನು ಜಾಣ, ಹೆಸರನ್ನು ಊಹಿಸಿದವನು ಮಾತ್ರ ತಪ್ಪಿತಸ್ಥ ಹೇಗೆ?

ಇದಕ್ಕೆ ಉತ್ತರ ಹುಡುಕುವಾಗ ನನಗೆ ಸಹಾಯಕ್ಕೆ ಬಂದದ್ದು ಸೈಟಲ್ಲ, ಬಸ್ಸಿನ ಟವೆಲ್ಲು. ಊರಿನ ಜಾತ್ರೆಗೋ ದೀಪಾವಳಿಗೋ ಕೆಂಪು ಬಸ್ಸು ಹತ್ತಿದವರಿಗೆಲ್ಲ ಗೊತ್ತು: ಬಸ್ಸು ಸ್ಟ್ಯಾಂಡಿಗೆ ತಿರುಗುತ್ತಿರುವಾಗಲೇ ಕಿಟಕಿಯಿಂದ ಟವೆಲ್ ಹಾಕಿದರೆ ಸೀಟು ನಮ್ಮದು. ಯಾವ ಕಾನೂನಿನಲ್ಲೂ ಇದು ಬರೆದಿಲ್ಲ, ಆದರೂ ಜನ ಒಪ್ಪುತ್ತಾರೆ. ಯಾಕೆ ಒಪ್ಪುತ್ತಾರೆ? ಟವೆಲ್ ಹಾಕಿದವನೂ ಕೂರುವುದಕ್ಕೇ ಬರುತ್ತಿದ್ದಾನೆ, ಅವನಿಗೂ ನಮ್ಮ ಹಾಗೇ ಪ್ರಯಾಣವಿದೆ ಎಂಬ ನಂಬಿಕೆಯಿಂದ. ಅದೇ ಮನುಷ್ಯ ಹತ್ತು ಸೀಟಿಗೆ ಹತ್ತು ಟವೆಲ್ ಹಾಸಿ, ಬಾಗಿಲಲ್ಲಿ ನಿಂತು ಒಂದೊಂದಕ್ಕೆ ಐವತ್ತು ರೂಪಾಯಿ ಕೇಳಿದರೆ ಮೊದಲ ನಿಲ್ದಾಣದಲ್ಲೇ ಅವನನ್ನು ಇಳಿಸುತ್ತಾರೆ. ಸೀಟುಗಳು ಖಾಲಿ ಇದ್ದದ್ದು ನಿಜ, ಟವೆಲ್ಲು ಅವನದೇ ಆಗಿದ್ದದ್ದೂ ನಿಜ. ಹದಿನೇಳನೆಯ ಶತಮಾನದ ಜಾನ್ ಲಾಕ್ ಒಡೆತನದ ಬಗ್ಗೆ ಹೇಳಿದ್ದೂ ಹತ್ತಿರ ಹತ್ತಿರ ಇದನ್ನೇ: ಯಾರದ್ದೂ ಅಲ್ಲದ್ದಕ್ಕೆ ನಿನ್ನ ದುಡಿಮೆ ಬೆರೆಸಿದರೆ ಅದು ನಿನ್ನದಾಗುತ್ತದೆ, ಆದರೆ ಉಳಿದವರಿಗೂ ಅಷ್ಟೇ ಒಳ್ಳೆಯದು ಸಾಕಷ್ಟು ಉಳಿದಿರಬೇಕು. ಟವೆಲ್ ಎಸೆಯುವುದು ದುಡಿಮೆಯೇ ಎಂಬ ಪ್ರಶ್ನೆಗೆ ಲಾಕ್ ಏನು ಹೇಳುತ್ತಿದ್ದನೋ.

ಆದರೆ ಬಸ್ಸಿನ ಸೀಟಿಗೂ ಹೆಸರಿಗೂ ದೊಡ್ಡದೊಂದು ವ್ಯತ್ಯಾಸವಿದೆ. ಸೀಟು ಯಾರು ಕೂತರೂ ಸೀಟೇ. ಹೆಸರು ಹಾಗಲ್ಲ.

ನಂದಿನಿಯನ್ನೇ ತೆಗೆದುಕೊಳ್ಳಿ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ ಹಾಲು ಮಾರುವುದು ಈ ಹೆಸರಿನಲ್ಲಿ. 1989ರಿಂದ ಬೆಂಗಳೂರಿನಲ್ಲಿ ನಂದಿನಿ ಡಿಲಕ್ಸ್ ಎಂಬ ಹೋಟೆಲುಗಳಿವೆ, ಇಂಗ್ಲಿಷಿನಲ್ಲಿ ಒಂದು ಎಚ್ ಹೆಚ್ಚು. ಹೋಟೆಲಿನವರು ತಮ್ಮ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಲು ಹೋದಾಗ ಮಹಾಮಂಡಳ ತಕರಾರು ಮಾಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2018ರಲ್ಲಿ ಹೋಟೆಲಿನ ಪರವಾಗಿ ತೀರ್ಮಾನವಾಯಿತು. ನಂದಿನಿ ಎಂಬುದು ಯಾರೋ ಹೊಸದಾಗಿ ಹುಟ್ಟಿಸಿದ ಪದವಲ್ಲ, ಕಾಮಧೇನುವಿನ ಹೆಸರು, ಹಾಲು ಬೇರೆ, ಹೋಟೆಲು ಬೇರೆ, ಎರಡೂ ಇರಬಹುದು. ಟ್ರೇಡ್‌ಮಾರ್ಕಿನ ಲೋಕ ಹೀಗೆ ಉದಾರವಾದದ್ದು. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ಒಡೆದಿದ್ದಾರೆ, ದೇಶ ದೇಶಕ್ಕೆ ನೋಂದಣಿ ಬೇರೆ. ಒಂದೇ ಹೆಸರಿನಲ್ಲಿ ಇಲ್ಲೊಬ್ಬ ಬೀಗ ಮಾಡಬಹುದು, ಅಲ್ಲೊಬ್ಬ ಬಿಸ್ಕತ್ತು ಮಾಡಬಹುದು. ಡೊಮೈನಿನ ಲೋಕದಲ್ಲಿ ಈ ಉದಾರತೆಗೆ ಜಾಗವಿಲ್ಲ. ನಂದಿನಿ ಡಾಟ್ ಕಾಮ್ ಇಡೀ ಭೂಮಿಗೆ ಒಂದೇ. ಹಾಲಿನವರು, ಹೋಟೆಲಿನವರು, ನಂದಿನಿ ಎಂಬ ಹೆಸರಿನ ಲಕ್ಷಾಂತರ ಹೆಣ್ಣುಮಕ್ಕಳು ಎಲ್ಲರಿಗೂ ಸೇರಿ ಒಂದೇ ಬಾಗಿಲು. ಕಂಪ್ಯೂಟರಿನ ಅಂಕಿಗಳನ್ನು ನೆನಪಿಡಲಾಗದ ಮನುಷ್ಯರಿಗೆ ಅನುಕೂಲವಾಗಲೆಂದು 1983ರಲ್ಲಿ ಎಂಜಿನಿಯರುಗಳು ಮಾಡಿದ ವ್ಯವಸ್ಥೆ ಇದು. ಹೆಸರಿಗಾಗಿ ಜನ ಕೋರ್ಟಿಗೆ ಹೋಗುತ್ತಾರೆಂದು ಅದನ್ನು ಕಟ್ಟಿದವರು ಲೆಕ್ಕ ಹಾಕಿದಂತೆ ಕಾಣುವುದಿಲ್ಲ.

ಹೋದರು. 1999 ಈ ಕತೆಯಲ್ಲಿ ದೊಡ್ಡ ವರ್ಷ. ಅಮೆರಿಕ ಇದಕ್ಕೆಂದೇ ಕಾನೂನು ಮಾಡಿ, ಒಂದೊಂದು ಹೆಸರಿಗೆ ಒಂದು ಸಾವಿರದಿಂದ ಒಂದು ಲಕ್ಷ ಡಾಲರ್‌ವರೆಗೆ ಪರಿಹಾರ ನಿಗದಿ ಮಾಡಿತು. ಡೊಮೈನುಗಳ ಉಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆ ಯುಡಿಆರ್‌ಪಿ ಎಂಬ ಪಂಚಾಯ್ತಿ ಪದ್ಧತಿ ತಂದಿತು. ನಮ್ಮ ದೇಶದಲ್ಲಿ ಡೊಮೈನಿಗೆಂದೇ ಪ್ರತ್ಯೇಕ ಕಾನೂನು ಇಂದಿಗೂ ಇಲ್ಲ. ಆದರೂ ಅದೇ ವರ್ಷ ದೆಹಲಿ ಹೈಕೋರ್ಟ್ ಯಾಹೂಇಂಡಿಯಾ ಡಾಟ್ ಕಾಮ್ ಎಂದು ಇಟ್ಟುಕೊಂಡವರನ್ನು ಹಳೆಯ ವ್ಯಾಪಾರ ನ್ಯಾಯದ ಆಧಾರದಲ್ಲೇ ತಡೆಯಿತು.

ಯುಡಿಆರ್‌ಪಿಯ ಪಂಚರು ಕೇಳುವುದು ಮೂರು ಪ್ರಶ್ನೆ. ಹೆಸರು ದೂರುದಾರನ ಟ್ರೇಡ್‌ಮಾರ್ಕಿಗೆ ಗೊಂದಲವಾಗುವಷ್ಟು ಹತ್ತಿರವಿದೆಯೇ? ಇಟ್ಟುಕೊಂಡವನಿಗೆ ಅದರ ಮೇಲೆ ತನ್ನದೇ ಆದ ನ್ಯಾಯವಾದ ಹಕ್ಕಿದೆಯೇ? ದುರುದ್ದೇಶದಿಂದ ನೋಂದಾಯಿಸಿ, ದುರುದ್ದೇಶದಿಂದ ಬಳಸುತ್ತಿದ್ದಾನೆಯೇ? ನಮ್ಮ ಡಾಟ್ ಇನ್ ಹೆಸರುಗಳಿಗೆ ನಿಕ್ಸಿ ಸಂಸ್ಥೆಯ ನಿಯಮಗಳಿವೆ, ಬಹುತೇಕ ಇವೇ ಪ್ರಶ್ನೆಗಳು. ಆದರೆ ಮೂರನೆಯದರಲ್ಲಿ ‘ಮತ್ತು’ ಇದ್ದಲ್ಲಿ ‘ಅಥವಾ’ ಇದೆ. ಇಂಜಿನಿಯರಿಂಗ್ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ, ಆ್ಯಂಡ್ ಗೇಟ್ ತೆಗೆದು ಆರ್ ಗೇಟ್ ಕೂರಿಸಿದ್ದಾರೆ. ಒಳ್ಳೆಯ ಮನಸ್ಸಿನಿಂದ ಹೆಸರು ಕೊಂಡು ಆಮೇಲೆ ಮನಸ್ಸು ಕೆಟ್ಟರೂ ಡಾಟ್ ಇನ್‌ನಲ್ಲಿ ಸಿಕ್ಕಿಬೀಳುತ್ತೀರಿ.

ಕಾನೂನು ಇಲ್ಲಿ ಮನಸ್ಸಿನೊಳಗೆ ಇಣುಕಬೇಕಾಗಿದೆ. ಮನಸ್ಸು ಕಾಣುವುದಿಲ್ಲವಾದ್ದರಿಂದ, ಜನ ತಮ್ಮ ಹೆಸರಿಗೆ ಕೊಡುವ ಕತೆಯನ್ನು ಅದು ಕೇಳುತ್ತದೆ. ನಾನು ಓದಿದ ತೀರ್ಪುಗಳಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಈ ಕತೆಗಳೇ. 1999ರಲ್ಲಿ ಬಾಂಬೆ ಹೈಕೋರ್ಟಿಗೆ ರೀಡಿಫ್ ಕಂಪನಿ ಹೋಯಿತು. ಎದುರಿನವರು ಇಟ್ಟುಕೊಂಡಿದ್ದ ಹೆಸರು ರ್‍ಯಾಡಿಫ್ ಡಾಟ್ ಕಾಮ್. ಎಲ್ಲಿಂದ ಬಂತಯ್ಯಾ ಈ ಹೆಸರು ಅಂದರೆ: ರ್‍ಯಾಡಿಕಲ್ ಎಂಬುದರ ಮೊದಲ ಮೂರಕ್ಷರ, ಇನ್ಫರ್ಮೇಶನ್, ಫ್ಯೂಚರ್, ಫ್ರೀ ಇವುಗಳ ಒಂದೊಂದಕ್ಷರ. ಕೋರ್ಟು ನಂಬಲಿಲ್ಲ. ಇನ್ನೊಂದು ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ವ್ಯಾಜ್ಯ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ತುಂಡುಗಳನ್ನು ಜೋಡಿಸಿ ಸಿಫಿ ಎಂಬ ಪದ ಕಟ್ಟಿ 1999ರಲ್ಲಿ ಹೆಸರುಗಳನ್ನು ನೋಂದಾಯಿಸಿತ್ತು. 2001ರಲ್ಲಿ ಇನ್ನೊಬ್ಬರು ಸಿಫಿನೆಟ್ ಎಂದು, ಇಂಗ್ಲಿಷಿನಲ್ಲಿ ಎಫ್ ಒಂದು ಹೆಚ್ಚಿಗೆ ಹಾಕಿ, ನೋಂದಾಯಿಸಿದರು. ಅವರು ಕೊಟ್ಟ ವಿವರಣೆ: ನಮ್ಮ ಕಂಪನಿಯ ಐವರು ಪ್ರವರ್ತಕರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿದೆವು. ಸಿಟಿ ಸಿವಿಲ್ ಕೋರ್ಟು ಸತ್ಯಂ ಪರವಾಗಿ ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟು ತೆಗೆದುಹಾಕಿತು, 2004ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಕೂರಿಸಿತು. ಡೊಮೈನ್ ಬರೀ ವಿಳಾಸವಲ್ಲ, ವ್ಯಾಪಾರದ ಗುರುತಿನ ಎಲ್ಲ ಲಕ್ಷಣವೂ ಅದಕ್ಕಿರಬಲ್ಲದು ಎಂದು ನಮ್ಮ ದೇಶದ ಅತ್ಯುನ್ನತ ನ್ಯಾಯಾಲಯ ಹೇಳಿದ್ದು ಈ ತೀರ್ಪಿನಲ್ಲಿ.

ಐದು ಜನರ ಮೊದಲಕ್ಷರ ಕೂಡಿಸುವುದು ನಮಗೇನು ಹೊಸದಲ್ಲ. ಹಾಗೆ ಹೆಸರಿಟ್ಟ ಮನೆಗಳು, ಚೀಟಿ ಫಂಡುಗಳು ನಮ್ಮೂರುಗಳಲ್ಲಿ ಬೇಕಾದಷ್ಟಿವೆ. ಹಾಗಾಗಿ ಅಂಥ ವಿವರಣೆ ಕೇಳಿದಾಗ ಅದು ಸುಳ್ಳೇ ಎಂದು ಹೇಳಲು ಒಂದು ಅಳತೆ ಬೇಕು. ನನಗೆ ತೋಚುವ ಅಳತೆ ಇದು: ಆ ಹೆಸರಿನಿಂದ ಪರಿಚಿತ ಹೆಸರನ್ನು ಕಳೆದುಬಿಡಿ. ರೀಡಿಫ್ ಎಂಬ ಕಂಪನಿ ಇಲ್ಲದಿದ್ದ ಲೋಕದಲ್ಲಿ ರ್‍ಯಾಡಿಫ್ ಎಂಬ ಹೆಸರನ್ನು ಯಾರಾದರೂ ಇಡುತ್ತಿದ್ದರೆ?

ಕನ್ನಡದಲ್ಲಿ ಹೆಸರು ಅನ್ನುವ ಮಾತಿಗೆ ಎರಡು ಅರ್ಥವಿದೆ. ಹೆಸರು ಇಡುತ್ತೇವೆ, ಹೆಸರು ಮಾಡುತ್ತೇವೆ. ಇಡುವುದು ನಾಮಕರಣದ ದಿನ ಮುಗಿದುಹೋಗುವ ಕೆಲಸ. ಮಾಡುವುದು ಆಯುಷ್ಯದ ಕೆಲಸ, ಅದೂ ನಾವೊಬ್ಬರೇ ಮಾಡುವುದಲ್ಲ. ಕೊಂಡವರು, ಉಂಡವರು, ತಿರುಗಿ ಬಂದವರು ಮಾಡಿಕೊಡುವುದು. ರಿಜಿಸ್ಟ್ರಾರ್ ಸಾವಿರ ರೂಪಾಯಿಗೆ ಮಾರುವುದು ಮೊದಲನೆಯದನ್ನು. ಕೊಳ್ಳುವವನ ಕಣ್ಣಿರುವುದು ಎರಡನೆಯದರ ಮೇಲೆ. ದೇವನಹಳ್ಳಿ ಜಮೀನಿಗೂ ಈ ಹೆಸರಿಗೂ ಇರುವ ವ್ಯತ್ಯಾಸ ಇಲ್ಲಿದೆ ಎಂದು ನನಗನಿಸುತ್ತದೆ. ಜಮೀನಿನ ಬೆಲೆ ಏರಿದ್ದು ವಿಮಾನ ಅಲ್ಲಿ ಇಳಿಯುವುದರಿಂದ. ಆ ಜಮೀನೇ ವಿಮಾನ ನಿಲ್ದಾಣ ಎಂದು ಯಾರೂ ಮೋಸಹೋಗಿ ಬರುವುದಿಲ್ಲ. ಬೇರೆಯವರ ಹೆಸರಿನ ಡೊಮೈನಿಗೆ ಬೆಲೆ ಬರುವುದು ಇನ್ಯಾರನ್ನೋ ಹುಡುಕಿಕೊಂಡು ಬಂದವರು ತಪ್ಪಿ ಆ ಬಾಗಿಲು ತಟ್ಟುತ್ತಾರೆ ಎಂಬುದರಿಂದ. ಆ ತಪ್ಪುವಿಕೆ ಇಲ್ಲದಿದ್ದರೆ ಅದಕ್ಕೆ ಬೆಲೆಯೇ ಇಲ್ಲ.

ಇದು ಕದಿಯುವುದಕ್ಕಿಂತ ಸ್ವಲ್ಪ ಬೇರೆ ಜಾತಿಯ ತಪ್ಪು. ಕೃತಿಚೌರ್ಯ ಮಾಡುವವನು ಬೇರೆಯವರ ಮಾತನ್ನು ತನ್ನದೆನ್ನುತ್ತಾನೆ. ಇವನು ತನ್ನ ಮಾತನ್ನು ಬೇರೆಯವರದೆನ್ನುತ್ತಾನೆ. ಕನ್ನಡ ಓದಿದವರಿಗೆ ಇದರ ಹಳೆಯ ರೂಪ ಗೊತ್ತಿದೆ: ವಚನಗಳ ಸಂಪಾದಕರಿಗೆ ತಲೆನೋವು ತಂದ ಪ್ರಕ್ಷಿಪ್ತಗಳು. ಯಾರೋ ತಾನು ಕಟ್ಟಿದ ಸಾಲುಗಳ ಕೊನೆಗೆ ದೊಡ್ಡವರ ಅಂಕಿತ ಹಾಕಿ ಬಿಟ್ಟುಹೋದ. ಅವನಿಗೆ ಕೀರ್ತಿ ಬೇಕಿರಲಿಲ್ಲ, ತನ್ನ ಮಾತು ದೊಡ್ಡವರ ಮಾತಿನ ಬೆಲೆಗೆ ಹೋಗಬೇಕಿತ್ತು. ಭಕ್ತಿಯಿಂದಲೇ ಮಾಡಿದ್ದಿರಬಹುದು. ಆದರೂ ಅಂಕಿತ ನಂಬಿ ಓದಿದವನಿಗೆ ಮೋಸವಾಯಿತು, ಅಂಕಿತದ ಒಡೆಯನ ಬಾಯಿಗೆ ಅವನು ಆಡದ ಮಾತು ಬಂತು. ಇಮ್ಯಾನುಯಲ್ ಕಾಂಟ್ 1785ರಲ್ಲಿ ಪುಸ್ತಕಗಳನ್ನು ಅನುಮತಿಯಿಲ್ಲದೆ ಅಚ್ಚು ಹಾಕುವವರ ಬಗ್ಗೆ ಒಂದು ಪ್ರಬಂಧ ಬರೆದ. ಕಾಗದ ಮಸಿಗಳ ಕಳ್ಳತನ ಎಂದು ಅವನು ವಾದಿಸಲಿಲ್ಲ. ಪುಸ್ತಕ ಎಂದರೆ ಲೇಖಕ ಓದುಗರೊಂದಿಗೆ ಆಡುವ ಮಾತು. ಅನುಮತಿಯಿಲ್ಲದ ಪ್ರಕಾಶಕ ಲೇಖಕನ ಪರವಾಗಿ, ಅವನು ಒಪ್ಪದೆ, ಮಾತಾಡುತ್ತಿದ್ದಾನೆ ಎಂಬುದು ಅವನ ದೂರು. ಡೊಮೈನಿಗೆ ಇದು ಸರಿಯಾಗಿ ಹೊಂದುತ್ತದೆ.

ಹೀಗೆ ನೋಡಿದರೆ ಇಲ್ಲಿ ಮೊದಲು ನೊಂದವನು ಕಂಪನಿಯಲ್ಲ, ಕೇಳಿಸಿಕೊಂಡವನು. ಬ್ಯಾಂಕಿನ ಹೆಸರಿಗೆ ‘ಕೇರ್’ ಎಂದೋ ‘ಹೆಲ್ಪ್’ ಎಂದೋ ಬಾಲ ಸೇರಿಸಿದ ವಿಳಾಸಕ್ಕೆ ಹೋಗಿ ಒಟಿಪಿ ಕೊಟ್ಟು ಪೆನ್ಷನ್ ದುಡ್ಡು ಕಳೆದುಕೊಂಡ ಹಿರಿಯರು, ದೊಡ್ಡ ಕಂಪನಿಯ ಹೆಸರಿನ ನಕಲಿ ವಿಳಾಸದಿಂದ ಆಫರ್ ಲೆಟರ್ ಬಂತೆಂದು ಠೇವಣಿ ಕಟ್ಟಿದ ಹುಡುಗರು ನಮ್ಮ ನಿಮ್ಮ ಪರಿಚಯದಲ್ಲೇ ಇದ್ದಾರೆ. ದೆಹಲಿ ಹೈಕೋರ್ಟಿನಲ್ಲಿ ಇಂಥ ಅನಾಮಧೇಯ ವಂಚಕರ ಮೇಲೆ ದಾವೆ ಹೂಡುವಾಗ ಪ್ರತಿವಾದಿಗೆ ಅಶೋಕ್ ಕುಮಾರ್ ಎಂದು ಹೆಸರು ಬರೆಯುವ ರೂಢಿಯಿದೆ. ಹೆಸರು ಕದ್ದವನಿಗೆ ಕೋರ್ಟೇ ಒಂದು ಹೆಸರು ದಾನ ಮಾಡುತ್ತದೆ. (ನಿಜವಾದ ಅಶೋಕ್ ಕುಮಾರ್‌ಗಳು ಇದಕ್ಕೆ ತಕರಾರು ಮಾಡದಿರುವುದು ಅವರ ದೊಡ್ಡತನ.)

ಆದರೆ ತಪ್ಪಿನ ಬುಡ ಕೇಳುಗನ ಮೋಸದಲ್ಲಿದೆ ಎಂದು ಒಪ್ಪಿದ ಮೇಲೆ, ಕೇಳುಗನಿಗೆ ಮೋಸವಾಗದ ಕಡೆ ಕಂಪನಿಗೆ ಹಕ್ಕೂ ಇಲ್ಲ ಎಂದು ಒಪ್ಪಬೇಕಾಗುತ್ತದೆ. ಇದನ್ನು ಕಂಪನಿಗಳು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಉಜಿ ನಿಸಾನ್ ಎಂಬಾತ ಇಸ್ರೇಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದವನು. ನಿಸಾನ್ ಅವನ ಮನೆತನದ ಹೆಸರು. ಹೀಬ್ರೂ ಪಂಚಾಂಗದಲ್ಲಿ ಒಂದು ತಿಂಗಳ ಹೆಸರೂ ಹೌದು. ನಾರ್ತ್ ಕೆರೊಲಿನಾದಲ್ಲಿ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದ ಅವನು 1994ರಲ್ಲಿ ನಿಸಾನ್ ಡಾಟ್ ಕಾಮ್ ನೋಂದಾಯಿಸಿದ. 1999ರಲ್ಲಿ ನಿಸಾನ್ ಮೋಟರ್ ಕಂಪನಿ ಒಂದು ಕೋಟಿ ಡಾಲರ್ ಪರಿಹಾರ ಕೇಳಿ ದಾವೆ ಹೂಡಿತು. ಉಜಿಯ ಪುಟದಲ್ಲಿ ಕಾರುಗಳಿಗೆ ಸಂಬಂಧಿಸಿದ ಜಾಹೀರಾತುಗಳು ಬಂದಿದ್ದವು. ಕೋರ್ಟು ಅಷ್ಟನ್ನು ತಪ್ಪೆಂದಿತು. ಅದು ಸರಿಯೇ, ಕಾರಿನ ನಿಸಾನ್ ಹುಡುಕಿ ಬಂದವರ ಕಾಲ ಅಲ್ಲಿ ಜಾರುತ್ತಿತ್ತು. ಆದರೆ ಒಂದು ಹಂತದಲ್ಲಿ ಅವನ ಹೆಸರಿನ ಪುಟದಲ್ಲಿ ಯಾವ ವ್ಯಾಪಾರವೂ ಕೂಡದು, ಕಂಪನಿಯನ್ನು ಟೀಕಿಸುವ ಕೊಂಡಿಗಳೂ ಕೂಡದು ಎಂಬಲ್ಲಿಗೆ ಅದು ಹೋಯಿತು. ಟೀಕೆಯ ಮೇಲಿನ ನಿರ್ಬಂಧವನ್ನು 2004ರಲ್ಲಿ ಮೇಲಿನ ನ್ಯಾಯಾಲಯ ತೆಗೆಯಿತು. ವರ್ಷಗಟ್ಟಲೆ ಹೋರಾಡಿ ಅವನು ಹೆಸರನ್ನು ಉಳಿಸಿಕೊಂಡ, 2020ರಲ್ಲಿ ಕೋವಿಡ್‌ನಿಂದ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಹೆಸರು ಉಳಿಯಿತು, ಅಂಗಡಿಯ ವ್ಯಾಪಾರಕ್ಕೆ ಅದನ್ನು ಬಳಸುವ ಸುಖ ಉಳಿಯಲಿಲ್ಲ. ತನ್ನ ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ವ್ಯಾಪಾರಕ್ಕೆ ಬಳಸುವವನನ್ನು ತಡೆಯಬಾರದು ಎಂದು ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 35ನೇ ಕಲಮು ಹೇಳುತ್ತದೆ. ಕೋರ್ಟಿನಲ್ಲಿ ಎಷ್ಟು ವರ್ಷ ನಿಲ್ಲಬಲ್ಲೆ ಎಂಬುದರ ಬಗ್ಗೆ ಯಾವ ಕಲಮೂ ಇಲ್ಲ.

ಕೆನಡಾದ ಮೈಕ್ ರೋ ಎಂಬ ಹೈಸ್ಕೂಲ್ ಹುಡುಗ ತನ್ನ ಹೆಸರಿಗೆ ಸಾಫ್ಟ್ ಸೇರಿಸಿ ಮೈಕ್‌ರೋಸಾಫ್ಟ್ ಡಾಟ್ ಕಾಮ್ ಮಾಡಿಕೊಂಡಾಗ ಮೈಕ್ರೋಸಾಫ್ಟ್ ಕಂಪನಿ ಮೊದಲು ಅವನ ಖರ್ಚು ಹತ್ತು ಡಾಲರ್ ಕೊಡಲು ಮುಂದೆ ಬಂತು, ಹುಡುಗ ಹತ್ತು ಸಾವಿರ ಕೇಳಿದ. 2004ರಲ್ಲಿ ಸುದ್ದಿ ಲೋಕಕ್ಕೆಲ್ಲ ಹರಡಿದ ಮೇಲೆ ಎಕ್ಸ್‌ಬಾಕ್ಸ್ ಮುಂತಾದವನ್ನು ಕೊಟ್ಟು ರಾಜಿ ಮಾಡಿಕೊಂಡರು. ಇದನ್ನು ನಾನು ತಮಾಷೆಯ ಖಾತೆಗೆ ಹಾಕುತ್ತೇನೆ. ಬಾರ್ಸೆಲೋನಾ ಡಾಟ್ ಕಾಮ್ ಮಾತ್ರ ತಮಾಷೆಯಲ್ಲ. ಆ ನಗರಸಭೆ ಊರಿನ ಹೆಸರು ತನ್ನದೆಂದು ದೂರಿತು, ಪಂಚರು 2000ದಲ್ಲಿ ಹೌದೆಂದರು. 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅಲ್ಲವೆಂದಿತು: ಊರಿನ ಹೆಸರು ಊರನ್ನು ಸೂಚಿಸುವುದಕ್ಕೆ ಇರುವುದು, ಅದು ಒಬ್ಬರ ಟ್ರೇಡ್‌ಮಾರ್ಕಲ್ಲ. ಮುಂಬೈ, ಚೆನ್ನೈ, ದೆಹಲಿಯ ಬೀದಿಗಳಲ್ಲಿ ‘ಉಡುಪಿ’ ಎಂಬ ಬೋರ್ಡು ನೋಡಿ ಹೊಟ್ಟೆ ತಣ್ಣಗಾದ ನಮ್ಮಂಥವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಆ ಹೋಟೆಲಿನವರೆಲ್ಲ ಸೇರಿ ಆ ಊರಿಗೆ ಹೆಸರು ಮಾಡಿದರು, ಒಬ್ಬರೂ ಅದಕ್ಕೆ ಬೇಲಿ ಹಾಕಲಿಲ್ಲ. ಇನ್ನು ಡಾಟ್ ಅಮೆಜಾನ್ ಎಂಬ ಕೊನೆಯ ತುಂಡಿಗಾಗಿ ಅಮೆಜಾನ್ ಕಂಪನಿ 2012ರಲ್ಲಿ ಅರ್ಜಿ ಹಾಕಿದಾಗ, ಆ ನದಿ ಹರಿಯುವ ದೇಶಗಳು ವಿರೋಧಿಸಿದವು. ಏಳು ವರ್ಷ ಎಳೆದಾಡಿ 2019ರಲ್ಲಿ ಐಕ್ಯಾನ್ ಅದನ್ನು ಕಂಪನಿಗೇ ಕೊಡಲು ತೀರ್ಮಾನಿಸಿತು. ಟವೆಲ್ ಹಾಕುವುದರಲ್ಲಿ ದೊಡ್ಡವರು ಹಿಂದೆ ಬಿದ್ದಿಲ್ಲ. ಕಂಪನಿ ಹುಟ್ಟುವಾಗ ನದಿಯ ಹೆಸರೂ ‘ಖಾಲಿ’ಯೇ ಇತ್ತು.

ಟೀಕೆಯದೂ ಇದೇ ದಾರಿ. ಒಡಿಶಾದ ಧಾಮ್ರಾ ಬಂದರಿನಿಂದ ಕಡಲಾಮೆಗಳಿಗೆ ಕೇಡೆಂದು ಗ್ರೀನ್‌ಪೀಸ್ ಟಾಟಾ ಹೆಸರು ಬಳಸಿ ಒಂದು ಆಟ ಮಾಡಿದಾಗ, ಅದನ್ನು ತಡೆಯಲು 2011ರಲ್ಲಿ ದೆಹಲಿ ಹೈಕೋರ್ಟ್ ಒಪ್ಪಲಿಲ್ಲ. ಟಾಟಾದವರೇ ಆ ಆಟ ಮಾಡಿದ್ದಾರೆಂದು ಯಾರಿಗೂ ಭ್ರಮೆ ಇರಲಿಲ್ಲ.

ದೆಹಲಿಯ ಆ ಡೆವಲಪರನ ವಿಷಯಕ್ಕೆ ಬಂದರೆ, ಅವನನ್ನು ಕಳ್ಳ ಅನ್ನಲು ನನಗೆ ಮನಸ್ಸಿಲ್ಲ. ಅವನು ನಕಲಿ ಆ್ಯಪ್ ಇಟ್ಟು ಯಾರ ದುಡ್ಡನ್ನೂ ಹೊಡೆಯಲಿಲ್ಲ, ತಾನು ಯಾರೆಂಬುದನ್ನು ಬಿಟ್ಟು ಉಳಿದೆಲ್ಲವನ್ನೂ ಬಿಚ್ಚಿ ಬರೆದ. ಹಿಂದೆ 1994ರಲ್ಲಿ ಅಮೆರಿಕದ ಪತ್ರಕರ್ತನೊಬ್ಬ ಮೆಕ್‌ಡೊನಾಲ್ಡ್ಸ್ ಡಾಟ್ ಕಾಮ್ ನೋಂದಾಯಿಸಿ, ಕೊನೆಗೆ ಒಂದು ಸರ್ಕಾರಿ ಶಾಲೆಗೆ ಇಂಟರ್ನೆಟ್ ಸೌಲಭ್ಯಕ್ಕೆ ಕಂಪನಿ ದುಡ್ಡು ಕೊಟ್ಟ ಮೇಲೆ ಹೆಸರು ಬಿಟ್ಟುಕೊಟ್ಟ. ಅಲ್ಲೂ ವಿದ್ಯೆಯ ನೆಪ, ಇಲ್ಲೂ ವಿದ್ಯೆಯ ನೆಪ. ಆದರೆ ಅವನು ತನಗೆಂದು ಕೇಳಲಿಲ್ಲ. ದೆಹಲಿಯವನು ತನ್ನ ಊಹಾಶಕ್ತಿಗೆ ಬೆಲೆ ಕೇಳುತ್ತಿದ್ದೇನೆ ಎಂದುಕೊಂಡಿದ್ದ. ಊಹೆಗೆ ಬೆಲೆ ಸಿಗುವ ಜಾಗ ಶೇರು ಮಾರುಕಟ್ಟೆ. ಅಲ್ಲಿ ಕಂಪನಿಗಳು ಒಂದಾಗುತ್ತವೆಂದು ಊಹಿಸಿ ಕೊಂಡರೆ ಗೆದ್ದೀರಿ, ಸೋತರೆ ನಿಮ್ಮದೇ ದುಡ್ಡು. ಅವನು ಮಾರಲು ಇಟ್ಟದ್ದು ಊಹೆಯನ್ನಲ್ಲ, ಇತರರು ಬರುವ ಬಾಗಿಲಿಗೆ ತಾನು ಹಾಕಿದ ಬೀಗದ ಕೈಯನ್ನು.

ಇದನ್ನೆಲ್ಲ ಹುಬ್ಬಳ್ಳಿಯ ಹುಡುಗನಿಗೆ ಒಂದು ದಿನ ಚಹಾ ಕುಡಿಯುತ್ತ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ನಮ್ಮ ಕ್ಲೈಂಟ್ ಮುಂದಿನ ವರ್ಷ ಬಿಡೋ ಪ್ರಾಡಕ್ಟಿನ ಹೆಸರು ಮೀಟಿಂಗ್‌ನ್ಯಾಗ ಕೇಳೀವಲ್ರೀ, ಅದರ ಡಾಟ್ ಇನ್ ಖಾಲಿ ಐತಿ” ಅಂದ. ನಾನು ಅವನ ಮುಖ ನೋಡಿದೆ. “ತಗೊಂಡಿಲ್ರೀ,” ಅಂದ, “ಖಾಲಿ ಐತಿ ಅಂತ ನೋಡೀನಿ ಅಷ್ಟ.” ಊಹೆಯ ಪ್ರಶ್ನೆ ಅಲ್ಲಿ ಇರಲೇ ಇಲ್ಲ, ಅದು ನಂಬಿ ಹೇಳಿದ ಮಾತು. ಕಾನೂನು ಕೇಳುವ ಮೂರು ಪ್ರಶ್ನೆಗಿಂತ ಮೊದಲೇ, ಕೆಲಸಕ್ಕೆ ಸೇರುವಾಗ ಇಬ್ಬರೂ ಸಹಿ ಮಾಡಿದ ಕಾಗದ ಅದನ್ನು ಇತ್ಯರ್ಥ ಮಾಡಿತ್ತು. ಅದೇ ಸಂಜೆ, ಹೆಸರು ಇನ್ನೂ ಖಾಲಿ ಇದೆ, ಘೋಷಣೆಗೆ ಮುಂಚೆ ನೋಂದಾಯಿಸಿಕೊಳ್ಳಿ ಎಂದು ಕ್ಲೈಂಟಿಗೆ ಮೇಲ್ ಬರೆಯಲು ಅವನಿಗೇ ಹೇಳಿದೆ. ಬರೆದ. ಅವರಿಂದ ಥ್ಯಾಂಕ್ಸ್ ಎಂದು ಒಂದು ಸಾಲು ಬಂತು. “ಕೇಂಬ್ರಿಜ್ ಹೋತಲ್ರೀ ಸರ್” ಎಂದು ನಕ್ಕ.

ಈಗ ಹೇಳುವುದು ಕಾನೂನು ಪುಸ್ತಕಗಳಲ್ಲಿ ಬಾರದ ಸಂಗತಿ. ಇಲ್ಲಿಯದೇ ಒಂದು ಸಣ್ಣ ಕನ್ನಡ ಬಳಗ, ಹೆಸರು ಬೇಡ. ಅರವತ್ತು ಎಪ್ಪತ್ತು ಮನೆ, ವರ್ಷಕ್ಕೊಂದು ರಾಜ್ಯೋತ್ಸವ, ಭಾನುವಾರ ಮಕ್ಕಳಿಗೆ ಅಕ್ಷರ ಕಲಿಸುವ ತರಗತಿ. ಅವರ ಡೊಮೈನನ್ನು ಹಿಂದೆ ಖಜಾಂಚಿಯಾಗಿದ್ದವರು ತಮ್ಮ ಆಫೀಸಿನ ಇಮೇಲ್ ಕೊಟ್ಟು ನೋಂದಾಯಿಸಿದ್ದರು. ಅವರು ಕೆಲಸ ಬದಲಿಸಿ ಕೆನಡಾಕ್ಕೆ ಹೋದರು, ನವೀಕರಣದ ನೋಟಿಸುಗಳು ಮುಚ್ಚಿಹೋದ ಆ ಇಮೇಲಿಗೆ ಬಂದು ಬಿದ್ದವು. ಅವಧಿ ಮುಗಿಯಿತು, ಹೆಸರು ‘ಖಾಲಿ’ಯಾಯಿತು, ಯಾರೋ ತೆಗೆದುಕೊಂಡರು. ಬಳಗದ ಹೆಸರಿನ ವಿಳಾಸದಲ್ಲಿ ಹಳೆಯ ರಾಜ್ಯೋತ್ಸವದ ಫೋಟೋಗಳು ಹಾಗೇ ಇದ್ದವು, ಕೆಳಗೆ ದುಡ್ಡು ಕಟ್ಟಿ ಆಡುವ ರಮ್ಮಿಯ ಜಾಹೀರಾತು. ಐಟಿಯವರು ಅಂತ ನನ್ನನ್ನು ಕಮಿಟಿ ಮೀಟಿಂಗಿಗೆ ಕರೆದರು.

ಹೆಸರು ಹಿಡಿದವನಿಗೆ ಬರೆದಾಗ ಹದಿನೆಂಟು ನೂರು ಡಾಲರ್ ಕೊಟ್ಟರೆ ಬಿಡುತ್ತೇನೆ ಎಂದು ಉತ್ತರ ಬಂದಿತ್ತು. ಪಂಚಾಯ್ತಿಗೆ ಹೋದರೆ ಒಬ್ಬ ಪಂಚರ ಶುಲ್ಕವೇ ಒಂದೂವರೆ ಸಾವಿರ ಡಾಲರ್, ಲಕ್ಷ ರೂಪಾಯಿಗೂ ಮೇಲೆ. ಅಲ್ಲದೆ ಬಳಗದ ಹೆಸರು ಟ್ರೇಡ್‌ಮಾರ್ಕ್ ಆಗಿರಲಿಲ್ಲ. ನೋಂದಣಿಯಿಲ್ಲದ ಹೆಸರಿಗೂ ಹಕ್ಕಿರಬಹುದು, ಆದರೆ ಜನ ಅದನ್ನು ಗುರುತಿಸುತ್ತಾರೆಂದು ಸಾಕ್ಷಿ ಕೊಡಬೇಕು. ಇಷ್ಟು ವರ್ಷದ ಆಮಂತ್ರಣ ಪತ್ರಿಕೆಗಳನ್ನು ಯಾರಾದರೂ ಇಟ್ಟುಕೊಂಡಿದ್ದೀರಾ ಎಂದು ಕೇಳಿದೆ. ಬ್ಯಾಂಕಿನಿಂದ ನಿವೃತ್ತರಾದ ರಾಯರೊಬ್ಬರು, “ನಮ್ಮ ಹೆಸರು ನಮ್ಮದು ಅನ್ನೋದಕ್ಕೆ ನಾವೇ ದುಡ್ಡು ಕಟ್ಟಿ ಸಾಕ್ಷಿ ಹುಡುಕಬೇಕೇನಪ್ಪಾ?” ಎಂದರು. ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ. ತರಗತಿ ನಡೆಸುವ ಮೇಡಂ ಬೇರೆ ಮಾತು ಎತ್ತಿದರು: “ಹೆಸರು ಹಾಳಾಗಲಿ ಸರ್, ಅದರಲ್ಲಿ ಮಕ್ಕಳ ಫೋಟೋ ಇದೆ. ಅದನ್ನು ಮೊದಲು ತೆಗೆಸಿ.”

ಅದು ಸಾಧ್ಯವಿತ್ತು. ಫೋಟೋ ತೆಗೆದವರು ಬಳಗದವರೇ, ಹಕ್ಕುಸ್ವಾಮ್ಯ ಅವರದು. ಆ ಪುಟವನ್ನು ಇಟ್ಟುಕೊಂಡಿದ್ದ ಹೋಸ್ಟಿಂಗ್ ಕಂಪನಿಗೆ ಒಂದು ಪತ್ರ ಬರೆದೆವು, ಒಂಬತ್ತನೆಯ ದಿನಕ್ಕೆ ಫೋಟೋಗಳು ಹೋದವು. ಖರ್ಚು ಸೊನ್ನೆ. ಹೆಸರನ್ನು ಬಿಟ್ಟು, ಕೊನೆಗೆ ಇನ್ನೊಂದು ಪದ ಸೇರಿಸಿ ಡಾಟ್ ಇನ್‌ನಲ್ಲಿ ಹೊಸದು ಕೊಂಡರು. ಈ ಸಲ ನೋಂದಣಿ ಬಳಗದ ಹೆಸರಿನಲ್ಲೇ ಇದೆ, ನವೀಕರಣದ ತಾರೀಕನ್ನು ಮೂರು ಮನೆಯವರು ಕ್ಯಾಲೆಂಡರಿನಲ್ಲಿ ಬರೆದುಕೊಂಡಿದ್ದಾರೆ. ರಾಯರು ಮಾತ್ರ ಹೊಸ ಸದಸ್ಯರಿಗೆ ಬಾಯಿತಪ್ಪಿ ಹಳೆಯ ವಿಳಾಸವನ್ನೇ ಹೇಳುತ್ತಾರೆ, ಅವರು ಹೋಗಿ ರಮ್ಮಿ ನೋಡಿ ಬಂದು ನನಗೆ ಫೋನ್ ಮಾಡುತ್ತಾರೆ.